ಕಬ್ಬಿಣದ ಕಂಬಗಳಿಗೆ ಬೇಲಿಯ ತಂತಿಯನ್ನು ಕಟ್ಟುವ ಕ್ರಮ

ಬೆಳೆಯನ್ನು ಬೆಳೆಯುವುದು ಎಷ್ಟು ಮುಖ್ಯವೋ ಬೆಳೆದುದನ್ನು ಕಾಯುವುದೂ ಅಷ್ಟೇ ಮುಖ್ಯವೆಂಬುದು ಬೇಸಾಯಗಾರರೆಲ್ಲರಿಗೂ ತಿಳಿದ ವಿಷಯ. ನಾಲ್ಕು ತಿಂಗಳು ಉತ್ತು, ಬಿತ್ತಿ, ಕಳೆ ತೆಗೆದು ಬೆಳೆಯಿಸಿದ ರಾಗಿಯ ಹೊಲವು ತೆನೆಗಟ್ಟುವ ಕಾಲದಲ್ಲಿ ಒಂದು ರಾತ್ರಿ ದನಗಳ ಬಾಯಿಗೆ ಸಿಕ್ಕಿದರೆ ಆ ವರ್ಷದ ಶ್ರಮವೆಲ್ಲವೂ ವ್ಯರ್ಥವಾಗುವುದು. ಹೊಸದಾಗಿ ನೆಟ್ಟ ಅಡಿಕೆ, ತೆಂಗು ಮೊದಲಾದ ಸಸಿಗಳ ಸುಳಿಯನ್ನು ಮೇಕೆಯು ಒಮ್ಮೆ ಕಚ್ಚಿತೆಂದರೆ ಆ ಸಸಿಯು ಮತ್ತೆ ಏಳಲಾರದು. ಇದಲ್ಲದೆ, ಒಬ್ಬರ ದನವು ಮತ್ತೊಬ್ಬರ ಹೊಲಕ್ಕೆ ನುಗ್ಗಿದ್ದರಿಂದ ಹುಟ್ಟಿದ ವ್ಯಾಜ್ಯಗಳು ಎಷ್ಟೋ ಗ್ರಾಮಗಳಲ್ಲಿ ತಲೆಮಾರುಗಳವರೆಗೆ ಮುಂದುವರಿದಿರುವುದುಂಟು. ಆದಕಾರಣ ಜಮೀನುಳ್ಳವರು ಬೇಲಿಗಾಗಿ ಹಣವನ್ನು ವೆಚ್ಚಮಾಡುವುದು ಯುಕ್ತವೇ ಸರಿ.

ಆದರೆ ಹಣವನ್ನು ವೆಚ್ಚಮಾಡಿದ ಮಾತ್ರಕ್ಕೆ ಬೇಲಿಯು ನಿಲ್ಲಲಾರದು. ಕಬ್ಬಿಣದ ಕಂಬಗಳನ್ನು ನೆಟ್ಟು ಮುಳ್ಳುತಂತಿಯನ್ನು ಎಳೆದ ಬೇಲಿಗಳು ಎರಡು ಮೂರು ಮಳೆಗಾಲಗಳಲ್ಲಿಯೇ ಜೋತುಬಿದ್ದು ದನಗಳಿಗೆ ದಾರಿಯಾಗುವುದನ್ನು ಅನೇಕ ಕಡೆ ಕಾಣಬಹುದು. ಅಂಥಾ ಬೇಲಿಯನ್ನು ಹತ್ತಿರ ಹೋಗಿ ನೋಡಿದರೆ ಕಂಬವು ಮುರಿದಿರುವುದಿಲ್ಲ, ತಂತಿಯೂ ಹರಿದಿರುವುದಿಲ್ಲ. ಇವೆರಡನ್ನೂ ಕೂಡಿಸಿದ್ದ ಕಟ್ಟು ಮಾತ್ರ ತುಕ್ಕುಹಿಡಿದು ಉದುರಿಹೋಗಿರುವುದು, ಇಲ್ಲವೆ ಬಿಚ್ಚಿಕೊಂಡು ಕಂಬದುದ್ದಕ್ಕೂ ಕೆಳಕ್ಕೆ ಜಾರಿರುವುದು. ಬೇಲಿಯ ಬಲವು ಕಂಬದಲ್ಲಿಯೂ ತಂತಿಯಲ್ಲಿಯೂ ಎಷ್ಟಿದೆಯೋ ಅಷ್ಟೇ ಕಟ್ಟಿನಲ್ಲಿಯೂ ಇರಬೇಕು. ಈ ಕಟ್ಟನ್ನು ಸರಿಯಾಗಿ ಹಾಕುವ ಕ್ರಮವನ್ನು ತಿಳಿಸುವುದೇ ಈ ಕರಪತ್ರದ ಉದ್ದೇಶ.

ಒಂದು ಎಕರೆಯ ಲೆಕ್ಕ

ಕಟ್ಟಿಗೆ ತಗಲುವ ವೆಚ್ಚವು ಎಷ್ಟು ಅಲ್ಪವೆಂಬುದನ್ನು ಮೊದಲು ನೋಡಬಹುದು. ಚೌಕವಾದ ಒಂದು ಎಕರೆ ಜಮೀನಿನ ಒಂದೊಂದು ಮಗ್ಗುಲು ಸುಮಾರು ೨೦೯ ಅಡಿ; ಸುತ್ತಳತೆಯು ಸುಮಾರು ೮೩೫ ಅಡಿ. ಹತ್ತು ಅಡಿಗೊಂದರಂತೆ ಕಂಬಗಳನ್ನು ನೆಟ್ಟರೆ ೮೪ ಕಂಬಗಳು ಬೇಕಾಗುವುವು. ನೆಲದ ಮೇಲೆ ೫ ಅಡಿ, ಒಳಗೆ ೨ ಅಡಿ, ಹೀಗೆ ಒಂದೊಂದು ಕಂಬವು ೭ ಅಡಿ ಉದ್ದವೆಂದಿಟ್ಟುಕೊಂಡರೆ, ೪೦ ಮಿಲಿಮೀಟರ್ ಅಗಲ ೫ ಮಿಲಿಮೀಟರ್ ದಪ್ಪದ ಆಂಗಲ್ ಕಬ್ಬಿಣದಲ್ಲಿ ಆ ಕಂಬಗಳ ತೂಕವು ಸುಮಾರು ೫೪೦ ಕಿಲೋಗ್ರಾಂ ಆಗುವುದು. ಐದು ಸಾಲು ಮುಳ್ಳುತಂತಿಗೆ ೪,೧೭೫ ಅಡಿ ಬೇಕು. ಎರಡೆಳೆಯೂ ೧೨ ಗೇಜಿನದಾದರೆ, ಮುಳ್ಳುಗಳ ತೂಕವನ್ನು ಬಿಟ್ಟರೂ ಅದು ೧೦೦ ಕಿಲೋಗ್ರಾಂ ಮೀರುವುದು.

ಇನ್ನು ಕಟ್ಟುಗಳನ್ನು ನೋಡೋಣ. ೮೪ ಕಂಬಗಳಿಗೆ ಐದೈದರಂತೆ ೪೨೦ ಕಟ್ಟುಗಳಾದುವು. ಒಂದೊಂದಕ್ಕೆ ೧೦ ಅಂಗುಲ ತಂತಿಯಂತೆ ಒಟ್ಟು ೩೫೦ ಅಡಿ. ೧೪ ಗೇಜಿನ ತಂತಿಯಾದರೆ ಇದರ ತೂಕವು ಮೂರು ಕಿಲೋಗ್ರಾಮಿಗಿಂತಲೂ ಕಡಮೆ! ಆರುನೂರು ಕಿಲೋಗ್ರಾಮಿಗೆ ಮೇಲ್ಪಟ್ಟ ಕಬ್ಬಿಣದ ಬೇಲಿಯು ಈ ಮೂರು ಕಿಲೋಗ್ರಾಂ ತಂತಿಯನ್ನು ನೆಚ್ಚಿ ನಿಂತಿರುವುದು. ಇಷ್ಟರಲ್ಲಿ ಅಗ್ಗವಾದುದನ್ನು ಹುಡುಕಿ ಉಳಿಸುವ ಕಾಸು ಉಳಿತಾಯವಲ್ಲ.

ಮರದ ಕಂಬಕ್ಕೂ ಕಬ್ಬಿಣದ ಕಂಬಕ್ಕೂ ಇರುವ ವ್ಯತ್ಯಾಸ

ಈಗ ಎಲ್ಲೆಲ್ಲಿಯೂ ಬಳಕೆಯಲ್ಲಿರುವ ಎರಡೆಳೆಯ ಮುಳ್ಳುತಂತಿಗೆ ಅಮೆರಿಕಾ ದೇಶದ ಇಲಿನಾಯ್ ಪ್ರಾಂತದ ಜೋಸೆಫ್ ಗ್ಲಿಡನ್ ಎಂಬ ಬೇಸಾಯಗಾರನು ೧೮೭೪ನೆಯ ಇಸವಿಯಲ್ಲಿ ಹಕ್ಕುಪತ್ರವನ್ನು ಪಡೆದನು. ಒಂದೇ ಎಳೆಗೆ ಸುತ್ತಿದ ಮುಳ್ಳು ಅತ್ತಿತ್ತ ಜಾರುತ್ತಿದ್ದುದರಿಂದ, ಎರಡನೆಯ ಎಳೆಯನ್ನು ಹೊಸೆದು ಮುಳ್ಳನ್ನು ಅದರ ಸ್ಥಳದಲ್ಲಿಯೇ ಹಿಡಿದು ನಿಲ್ಲಿಸಿದ್ದು ಅವನ ಯುಕ್ತಿ. ಆ ಕಾಲದ ಕಂಬಗಳು ಮರದವು. ಮರದ ಕಂಬಕ್ಕೆ ತಂತಿಯನ್ನು ಸೇರಿಸುವುದು ಸುಲಭ. ಎರಡು ಕಾಲುಳ್ಳ ಬಾಗುಮೊಳೆಯನ್ನು ತಂತಿಯ ಮೇಲಿಟ್ಟು ಹೊಡೆದರೆ ಮರವೇ ಮೊಳೆಯನ್ನು ಕಚ್ಚಿಕೊಳ್ಳುವುದು.

ಮರದ ಕಂಬವು ನಮ್ಮ ಸೀಮೆಯಲ್ಲಿ ಗೆದ್ದಲಿಗೆ ತುತ್ತಾಗುವುದರಿಂದ ಬಹುಕಾಲ ಬಾಳುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಕಡೆಗಳಲ್ಲಿ ಬೆಣಚುಕಲ್ಲಿನ ಕಂಬಗಳು ದೊರೆಯುವುವು. ಕಲ್ಲು ದೂರವಾಗಿರುವ ಸ್ಥಳಗಳಲ್ಲಿ ರೈತರು ಕಬ್ಬಿಣವನ್ನು ಅವಲಂಬಿಸುತ್ತಾರೆ. ಕಬ್ಬಿಣದ ಕಂಬವು ಹಗುರ. ಸಾಗಿಸುವುದಕ್ಕೂ ನೆಡುವುದಕ್ಕೂ ಅನುಕೂಲ. ಗೆದ್ದಲಿಗೂ ಬೆಂಕಿಗೂ ಸುಲಭವಾಗಿ ಬಗ್ಗುವುದಲ್ಲ. ಆದರೆ ಅದು ಮೊಳೆಯನ್ನು ಹಿಡಿಯಲಾರದು. ಅದರ ಮೈ ನುಣುಪಾದುದರಿಂದ ಕಟ್ಟು ಕೆಳಕ್ಕೆ ಜಾರುವುದು. ಅದರ ಅಂಚು ಹರಿತವಾದುದರಿಂದ ತಂತಿಯನ್ನು ತೇಯುವುದು. ಈ ಎರಡು ದೋಷಗಳನ್ನೂ ಗಮನದಲ್ಲಿಟ್ಟುಕೊಂಡೇ ಕಟ್ಟನ್ನು ಹಾಕತಕ್ಕದ್ದು.

ಕೊನೆಗಂಬವು ಎಳೆತವನ್ನು ತಾಳಬೇಕು, ನಡುಗಂಬವು ತಂತಿಯನ್ನು ಹಿಡಿದಿರಬೇಕು

ಬೇಲಿಯಲ್ಲಿ ಕಂಬಗಳು ಎರಡು ಬಗೆಯವು. ಮೂಲೆಗಳಲ್ಲಿಯೂ, ಗೇಟಿನ ಎರಡು ಪಕ್ಕಗಳಲ್ಲಿಯೂ, ಉದ್ದವಾದ ಸಾಲಿನಲ್ಲಿ ಸುಮಾರು ೩೦೦ ಅಡಿಗೊಂದರಂತೆಯೂ ನಿಲ್ಲಿಸುವುವು ಕೊನೆಗಂಬಗಳು. ಬಿಗಿದ ತಂತಿಯ ಎಳೆತವನ್ನೆಲ್ಲಾ ಇವು ತಾಳಬೇಕು. ಆದುದರಿಂದ ಇವು ದಪ್ಪನಾಗಿದ್ದು, ಎಳೆತದ ದಿಕ್ಕಿಗೆ ಓರೆಯಾಗಿ ಒತ್ತುಗಂಬಗಳನ್ನು ಪಡೆದು, ಕಾಂಕ್ರೀಟಿನಲ್ಲಿ ನಿಂತಿರತಕ್ಕದ್ದು. ಇವುಗಳ ನಡುವಣವು ನಡುಗಂಬಗಳು. ತಂತಿಯ ಸಾಲುಗಳನ್ನು ಅವುಗಳ ಎತ್ತರದಲ್ಲಿ ನಿಲ್ಲಿಸುವುದೂ ದನವು ಒತ್ತಿದಾಗ ಆ ಒತ್ತಡವನ್ನು ತಡೆಯುವುದೂ ಇವುಗಳ ಕೆಲಸ. ಉದ್ದಕ್ಕೆ ಎಳೆಯುವ ಬಲವನ್ನು ತಾಳುವುದು ಇವುಗಳ ಕೆಲಸವಲ್ಲ.

ಈ ಭೇದವನ್ನು ಮರೆತು ಪ್ರತಿಯೊಂದು ನಡುಗಂಬಕ್ಕೂ ತಂತಿಯನ್ನು ಇಕ್ಕಳದಿಂದ ತಿರುಚಿ ಅಲುಗದಂತೆ ಬಿಗಿಯುವುದು ವಾಡಿಕೆಯಾಗಿದೆ. ಇದು ನೋಡುವುದಕ್ಕೆ ಭದ್ರವಾಗಿ ಕಂಡರೂ ಎರಡು ರೀತಿಯಲ್ಲಿ ಹಾನಿಕರ. ಮೊದಲನೆಯದಾಗಿ, ಎಮ್ಮೆಯೋ ಹೋರಿಯೋ ತಂತಿಗೆ ಬಂದು ಒತ್ತಿದಾಗ, ತಂತಿಯು ಕಟ್ಟಿನೊಳಗೆ ಜಾರುವಂತಿದ್ದರೆ ಆ ಒತ್ತಡವು ಅಕ್ಕಪಕ್ಕದ ಅಂಕಣಗಳಿಗೂ ಹಂಚಿಹೋಗುವುದು. ಅಲುಗದಂತೆ ಬಿಗಿದಿದ್ದರೆ ಎರಡು ಕಂಬಗಳ ನಡುವಣ ಹತ್ತು ಅಡಿ ತಂತಿಯೇ ಎಲ್ಲವನ್ನೂ ತಾಳಬೇಕಾಗಿ, ತಂತಿಯು ಹಿಗ್ಗುವುದು, ಇಲ್ಲವೆ ಕಂಬವು ಬಾಗುವುದು. ಎರಡನೆಯದಾಗಿ, ಮುಂದೆ ತಂತಿಯು ಸಡಿಲವಾದಾಗ ಕೊನೆಗಂಬದಿಂದ ಎಳೆದು ಬಿಗಿಮಾಡುವುದು ಸಾಧ್ಯವಾಗದೆ, ಅಷ್ಟು ಕಟ್ಟುಗಳನ್ನೂ ಬಿಚ್ಚಬೇಕಾಗುವುದು.

ಸ್ವಲ್ಪ ಸಡಿಲವಾದರೇನಂತೆ ಎಂದು ಉದಾಸೀನಮಾಡುವುದಕ್ಕಿಲ್ಲ. ಹತ್ತು ಅಡಿಯ ಅಂಕಣದಲ್ಲಿ ನೆಟ್ಟಗೆ ನಿಂತ ತಂತಿಯು ಒಂದು ಅಂಗುಲದ ಹದಿನಾರರಲ್ಲೊಂದು ಪಾಲು, ಎಂದರೆ ಒಂದು ವೀಸದಷ್ಟು ಉದ್ದವಾದರೆ, ನಡುವೆ ಅದು ಒಂದೂವರೆ ಅಂಗುಲಕ್ಕೂ ಹೆಚ್ಚಾಗಿ ಜೋಲುವುದು. ಕಾಲು ಅಂಗುಲದಷ್ಟು ಉದ್ದವಾದರೆ ಜೋಲು ಮೂರು ಅಂಗುಲವನ್ನು ಮೀರುವುದು. ಆಗ ಮೇಕೆಯು ತಲೆಯನ್ನು ತೂರಿಸುವುದಕ್ಕೆ ಇಂಬಾಯಿತು. ತಲೆಯನ್ನು ತೂರಿಸಿದ ಮೇಕೆಯು ಮೈಯನ್ನೂ ತೂರಿಸುವುದು.

ಆದ್ದರಿಂದ ನೆನಪಿನಲ್ಲಿಡಬೇಕಾದ ಸೂತ್ರವು ಇಷ್ಟೆ: ಕೊನೆಗಂಬದಲ್ಲಿ ತಂತಿಯನ್ನು ಬಿಗಿಯಬೇಕು, ನಡುಗಂಬದಲ್ಲಿ ತಂತಿಯನ್ನು ಹಿಡಿಯಬೇಕು, ಬಿಗಿಯಕೂಡದು. ನಡುಗಂಬದ ಕಟ್ಟು ತಂತಿಯನ್ನು ಮೇಲಕ್ಕೂ ಕೆಳಕ್ಕೂ ಹೊರಕ್ಕೂ ಹೋಗಗೊಡಬಾರದು. ಉದ್ದಕ್ಕೆ ಮಾತ್ರ ಸ್ವಲ್ಪ ಜಾರಗೊಡಬೇಕು.

ಕಟ್ಟುತಂತಿಯ ಆಯ್ಕೆ

ಮನೆ ಕಟ್ಟುವವರು ಕಾಂಕ್ರೀಟಿನ ಸರಳುಗಳನ್ನು ಬಿಗಿಯಲು ಉಪಯೋಗಿಸುವ ತೆಳುವಾದ ಕಪ್ಪು ತಂತಿಯು ಸುಲಭವಾಗಿ ಸಿಕ್ಕುವುದರಿಂದಲೂ ಮೆತ್ತಗಿರುವುದರಿಂದಲೂ ಅನೇಕರು ಅದನ್ನೇ ಬೇಲಿಗೂ ಬಳಸುತ್ತಾರೆ. ಇದು ಕೂಡದು. ಆ ತಂತಿಗೆ ಸತುವಿನ ಲೇಪವಿಲ್ಲ. ಕಾಂಕ್ರೀಟಿನೊಳಗೆ ಮುಚ್ಚಿಹೋಗುವ ಕೆಲಸಕ್ಕೆ ಅದು ಸಾಕು. ಬಿಸಿಲು ಮಳೆಗಳಲ್ಲಿ ನಿಲ್ಲುವ ಕೆಲಸಕ್ಕೆ ಸಾಲದು. ಬಲು ಬೇಗ ಅದು ತುಕ್ಕುಹಿಡಿದು ಕೈಯಲ್ಲಿ ಪುಡಿಯಾಗುವುದು.

ಬೇಲಿಗೆ ತಕ್ಕುದು ಸತುವಿನ ಲೇಪವುಳ್ಳ ಮೆದುವಾದ ೧೪ ಗೇಜಿನ ತಂತಿ, ಎಂದರೆ ಸುಮಾರು ೨ ಮಿಲಿಮೀಟರ್ ದಪ್ಪವುಳ್ಳದ್ದು. ದೊಡ್ಡ ದನಗಳ ಒತ್ತಡ ಹೆಚ್ಚಾಗಿರುವ ಕಡೆ ೧೨ ಗೇಜಿನದನ್ನು, ಎಂದರೆ ಸುಮಾರು ೨.೬ ಮಿಲಿಮೀಟರ್ ದಪ್ಪದ್ದನ್ನು ಉಪಯೋಗಿಸಬಹುದು. ಗೇಜಿನ ಅಂಕಿ ಹೆಚ್ಚಿದಷ್ಟೂ ತಂತಿಯು ತೆಳುವಾಗುವುದೆಂಬುದನ್ನು ಕೊಳ್ಳುವಾಗ ಮರೆಯಬಾರದು. ಮುಳ್ಳುತಂತಿಯ ವಿಷಯದಲ್ಲಿ ಭಾರತೀಯ ಮಾನಕದ ಗುರುತುಳ್ಳ ಸರಕನ್ನು ಕೇಳಿ ಪಡೆಯುವುದು ಕ್ಷೇಮ. ಲೇಪವು ತೆಳುವಾದ ಸರಕು ಹೊಸತರಲ್ಲಿ ಕಣ್ಣಿಗೆ ಒಂದೇ ತೆರನಾಗಿ ಹೊಳೆಯುವುದು.

ಸತುವಿನ ಲೇಪದಿಂದ ಆಗುವ ಪ್ರಯೋಜನವನ್ನು ತಿಳಿದಿರುವುದು ಒಳ್ಳೆಯದು. ಸತುವು ಕಬ್ಬಿಣವನ್ನು ನೀರಿನಿಂದ ಮರೆಮಾಡುವುದಷ್ಟೇ ಅಲ್ಲ; ಎರಡೂ ಒಟ್ಟಿಗೆ ತೇವದಲ್ಲಿರುವಾಗ ಸತುವು ತಾನು ಮೊದಲು ಸವೆದು ಕಬ್ಬಿಣವನ್ನು ಕಾಪಾಡುವುದು. ಆದುದರಿಂದಲೇ ಲೇಪದಲ್ಲಿ ಸಣ್ಣ ಗೀರು ಬಿದ್ದರೂ ಒಡನೆಯೇ ತುಕ್ಕು ಹಬ್ಬುವುದಿಲ್ಲ. ಇದಕ್ಕೆ ವಿರುದ್ಧವಾಗಿ, ತಾಮ್ರದ ತಂತಿಯಿಂದ ಕಟ್ಟಿದರೆ ತೇವವು ತಗಲಿದಾಗ ತಾಮ್ರವು ಉಳಿದು ಸತುವೂ ಅದರ ಹಿಂದೆ ಕಬ್ಬಿಣವೂ ಬೇಗ ಬೇಗ ಸವೆಯುವುವು. ಹಳೆಯ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿಯು ಮನೆಯಲ್ಲಿ ಬಿದ್ದಿದೆಯೆಂದು ಅದನ್ನು ಬೇಲಿಗೆ ಸುತ್ತಬಾರದು. ಬೇಲಿತಂತಿಗೆ ಯಾವ ಲೇಪವೋ ಕಟ್ಟುತಂತಿಗೂ ಅದೇ ಲೇಪವಿರಬೇಕು.

ತಂತಿಯು ಕಂಬದ ಯಾವ ಮಗ್ಗುಲಲ್ಲಿರಬೇಕು

ದನವು ಯಾವ ಕಡೆಯಿಂದ ಒತ್ತುವುದೋ ಆ ಕಡೆಯಲ್ಲಿ ತಂತಿಯಿರಬೇಕು. ಹಾಗಿದ್ದರೆ ಒತ್ತಿದಾಗ ತಂತಿಯು ಕಂಬದ ಮೇಲೆ ಕೂರುವುದು. ಕಂಬವೇ ಒತ್ತಡವನ್ನು ತಾಳುವುದು. ಆಚೆಯ ಮಗ್ಗುಲಲ್ಲಿದ್ದರೆ ಒತ್ತಡವೆಲ್ಲವೂ ಕಟ್ಟಿನ ಮೇಲೆ ಬಿದ್ದು ಅದು ಒಂದಲ್ಲ ಒಂದು ದಿನ ಕಿತ್ತುಬರುವುದು. ಬೆಳೆಯ ಹೊಲಕ್ಕೂ ತೋಟಕ್ಕೂ ತಂತಿಯು ಹೊರಮಗ್ಗುಲಲ್ಲಿರತಕ್ಕದ್ದು. ದನಗಳನ್ನು ಒಳಗೆ ಕೂಡುವ ಹುಲ್ಲುಗಾವಲಿಗೆ ಒಳಮಗ್ಗುಲಲ್ಲಿರತಕ್ಕದ್ದು. ಬೇಲಿಯ ಸಾಲು ಬಾಗಿ ಹೋಗುವ ಕಡೆ ಮಾತ್ರ ತಂತಿಯು ಬಾಗಿನ ಹೊರಗಡೆಯಿರಬೇಕು. ಒಳಗಡೆಯಿದ್ದರೆ ಬಿಗಿದ ತಂತಿಯು ನೆಟ್ಟಗಾಗಲು ಹವಣಿಸಿ ಹಗಲಿರುಳೂ ಕಟ್ಟನ್ನು ಕೀಳುತ್ತಿರುವುದು.

ಆಂಗಲ್ ಕಂಬವನ್ನು ನೆಡುವಾಗಲೇ ಅದರ ಒಂದು ಚಪ್ಪಟೆ ಮುಖವು ತಂತಿಯ ಕಡೆಗೆ ತಿರುಗುವಂತೆ ನಿಲ್ಲಿಸಬೇಕು. ಅಂಚು ತಂತಿಗೆ ತಗಲುವಂತೆ ನಿಲ್ಲಿಸಿದರೆ ಗಾಳಿಗೆ ಅಲುಗಿದಾಗಲೆಲ್ಲಾ ಅದು ಅರದಂತೆ ಲೇಪವನ್ನು ತೇಯುವುದು.

ನಡುಗಂಬಕ್ಕೆ ಕಟ್ಟುವ ವಿಧಾನಗಳು

ತೂತುಳ್ಳ ಆಂಗಲ್ ಕಂಬ.— ಕಂಬಗಳನ್ನು ತರುವ ಮೊದಲೇ ಬೇಕಾದ ಎತ್ತರಗಳಲ್ಲಿ ೮ ಮಿಲಿಮೀಟರ್ ಅಗಲದ ತೂತುಗಳನ್ನು ಕೊರೆಯಿಸಿಕೊಳ್ಳುವುದು ಎಲ್ಲಕ್ಕಿಂತಲೂ ಉತ್ತಮ. ಮುಳ್ಳುತಂತಿಯನ್ನೇ ತೂತಿನೊಳಗೆ ಪೋಣಿಸುವುದು ಸರಿಯಲ್ಲ. ಮುಳ್ಳುಗಳು ತೂತಿನಲ್ಲಿ ಸಿಕ್ಕಿಕೊಳ್ಳುವುವು. ತೂತಿನ ಅಂಚು ಲೇಪವನ್ನು ತೇಯುವುದು. ಒಂದು ಅಂಕಣದಲ್ಲಿ ತಂತಿಯು ಹರಿದರೆ ಸಾಲನ್ನೆಲ್ಲಾ ಹೊರಗೆಳೆಯಬೇಕಾಗುವುದು. ಬೇಲಿತಂತಿಯು ತೂತಿಗೆ ಎದುರಾಗಿ ಕಂಬದ ಮುಖದ ಮೇಲೆ ಹಾಯಬೇಕು. ೧೦ ಅಂಗುಲದ ಕಟ್ಟುತಂತಿಯನ್ನು ಕೂದಲಿಗೆ ಸಿಕ್ಕಿಸುವ ಪಿನ್ನಿನಂತೆ ನಡುವೆ ಮಡಿಸಿ, ಅದರ ಬಾಗಿನೊಳಗೆ ಬೇಲಿತಂತಿಯನ್ನು ಕೂಡಿಸಿ, ಒಂದು ಕಾಲು ತಂತಿಯ ಮೇಲಿನಿಂದಲೂ ಇನ್ನೊಂದು ಕೆಳಗಿನಿಂದಲೂ ಬರುವಂತೆ ಎರಡನ್ನೂ ಅದೇ ತೂತಿನೊಳಗೆ ತೂರಿಸಬೇಕು. ಹಿಂದುಗಡೆ ಎರಡು ಕಾಲುಗಳನ್ನೂ ಸೇರಿಸಿ ಇಕ್ಕಳದಿಂದ ಮೂರು ಸುತ್ತು ತಿರುಚಿ, ಮಿಕ್ಕ ತುದಿಯನ್ನು ಕತ್ತರಿಸಿ ಕಂಬದ ಮೂಲೆಯ ಕಡೆಗೆ ಮಡಿಸಬೇಕು. ತಿರುಚುವಾಗ ತಂತಿಯು ಕಂಬಕ್ಕೆ ತಗಲಿದೊಡನೆಯೇ ನಿಲ್ಲಿಸತಕ್ಕದ್ದು. ಇನ್ನೊಂದು ಸುತ್ತು ಹಾಕೋಣವೆಂಬ ಆಸೆಯಿಂದಲೇ ಕಟ್ಟುತಂತಿಯು ಕುತ್ತಿಗೆಯಲ್ಲಿ ತುಂಡಾಗುವುದು.

ತೂತಿಲ್ಲದ ಆಂಗಲ್ ಕಂಬ.— ಇಂಥಾ ಕಂಬದಲ್ಲಿ ಕಟ್ಟು ಕೆಳಕ್ಕೆ ಜಾರದಂತೆ ಮೊದಲು ನೆಲೆ ಮಾಡಬೇಕು. ಕಂಬದ ಎರಡು ಅಂಚುಗಳಲ್ಲಿಯೂ ಒಂದೇ ಎತ್ತರದಲ್ಲಿ ಗರಗಸದಿಂದ ೩ ಮಿಲಿಮೀಟರಿನಷ್ಟು ಕಚ್ಚು ಹಾಕಿ, ಅದರ ಹರಿತವನ್ನು ಅರದಿಂದ ತೆಗೆಯಬೇಕು. ಬಳಿಕ ಒಂದು ಅಡಿಗೆ ಕಡಮೆಯಿಲ್ಲದ ಕಟ್ಟುತಂತಿಯನ್ನು ಕಂಬದ ಹಿಂದಿನಿಂದ ಬಳಸಿ, ಆ ಕಚ್ಚುಗಳಲ್ಲಿ ಕೂಡಿಸಿ, ಎರಡು ತುದಿಗಳನ್ನೂ ಮುಂದಕ್ಕೆ ತರಬೇಕು. ಎಡದ ತುದಿಯು ಬೇಲಿತಂತಿಯ ಕೆಳಗಿನಿಂದಲೂ ಬಲದ ತುದಿಯು ಮೇಲಿನಿಂದಲೂ ಬಂದು, ಒಂದೊಂದೂ ತನ್ನ ತನ್ನ ಮಗ್ಗುಲಲ್ಲಿ ಬೇಲಿತಂತಿಗೆ ಎರಡು ಸುತ್ತು ಸುತ್ತಿಕೊಳ್ಳಬೇಕು. ಒಂದು ಮೇಲಕ್ಕೆ ಹೋಗಗೊಡದು, ಇನ್ನೊಂದು ಕೆಳಕ್ಕೆ ಇಳಿಯಗೊಡದು. ಎರಡನ್ನೂ ಒಂದೇ ಕಡೆಯಿಂದ ತಂದರೆ ಈ ಪ್ರಯೋಜನವಿಲ್ಲ. ಈ ಸುತ್ತುಗಳನ್ನು ಹಗುರವಾಗಿ ಹಾಕಬೇಕೇ ಹೊರತು ಇಕ್ಕಳದಿಂದ ಹಿಸುಕಬಾರದು.

ಕೊಳವೆಯ ಕಂಬ.— ದುಂಡನೆಯ ಕೊಳವೆಗೆ ಅಂಚಿಲ್ಲವಾದುದರಿಂದ ಕಟ್ಟು ಕೆಳಕ್ಕೂ ಜಾರುವುದು, ಸುತ್ತಲೂ ತಿರುಗುವುದು. ತಂತಿಯ ಎತ್ತರಕ್ಕೆ ಸ್ವಲ್ಪ ಕೆಳಗೆ ಎರಡು ಮಗ್ಗುಲಲ್ಲಿಯೂ ಚಿಕ್ಕ ಕಬ್ಬಿಣದ ತುಣುಕುಗಳನ್ನು ಬೆಸುಗೆ ಹಾಕಿಸಿಕೊಳ್ಳಬಹುದು. ಇಲ್ಲವೆ ಕೊಳವೆಯನ್ನು ತಬ್ಬಿ ನಿಲ್ಲುವ ಪಟ್ಟಿಯನ್ನು ಬೋಲ್ಟಿನಿಂದ ಬಿಗಿದು ಅದಕ್ಕೆ ಕಟ್ಟಬಹುದು. ಬೆಸುಗೆಯ ಶಾಖಕ್ಕೆ ಸತುವು ಸುಟ್ಟುಹೋಗುವುದರಿಂದ ಆ ಜಾಗಕ್ಕೆ ಸತುವಿನ ಬಣ್ಣವನ್ನು ಹಚ್ಚಲೇಬೇಕು. ಸತುವು ಸುಡುವಾಗ ಏಳುವ ಬಿಳಿಯ ಹೊಗೆಯು ಜ್ವರವನ್ನುಂಟುಮಾಡುವುದಾದ್ದರಿಂದ ಬೆಸುಗೆಯವರು ಬಯಲಿನಲ್ಲಿ, ಗಾಳಿಗೆ ಬೆನ್ನುಕೊಟ್ಟು ಕೆಲಸಮಾಡಬೇಕು. ಕೊಳವೆಯ ಮೇಲಿನ ಬಾಯನ್ನು ಮುಚ್ಚದಿದ್ದರೆ ಮಳೆಯ ನೀರು ಒಳಗೆ ನಿಂತು ಬುಡವು ಒಳಗಿನಿಂದ ಕೆಡುವುದು.

ಗುಬಟುಳ್ಳ ಕಂಬ.— ಅಮೆರಿಕಾ ದೇಶದಲ್ಲಿ ಇಂಗ್ಲಿಷಿನ ಟೀ ಅಕ್ಷರದಂತೆ ಅಡ್ಡಕೊಯ್ತವುಳ್ಳ ಉಕ್ಕಿನ ಕಂಬಗಳು ಬಳಕೆಯಲ್ಲಿವೆ. ಅವುಗಳ ಮುಖದ ಮೇಲೆ ಉದ್ದಕ್ಕೂ ಗುಬಟುಗಳಿರುವುವು. ತಂತಿಯು ಎರಡು ಗುಬಟುಗಳ ನಡುವೆ ಕೂರುವುದು. ಮೊದಲೇ ಬಾಗಿಸಿ ಸಿದ್ಧಪಡಿಸಿದ ತಂತಿಯ ಕೊಂಡಿಯೊಂದು ಕಂಬವನ್ನು ಹಿಂದಿನಿಂದ ಬಳಸಿ ಅದನ್ನು ಹಿಡಿಯುವುದು. ಕಚ್ಚು ಹಾಕಿದ ಆಂಗಲ್ ಕಂಬದ ಕಟ್ಟಿನಲ್ಲಿರುವ ತತ್ತ್ವವೇ ಇದರಲ್ಲಿಯೂ ಇರುವುದು. ಗುಬಟು ಎತ್ತರವನ್ನು ಕಾಯುವುದು, ಕೊಂಡಿಯು ತಂತಿಯನ್ನು ಕಾಯುವುದು.

ಯಾವ ವಿಧಾನವನ್ನು ಅನುಸರಿಸಿದರೂ ಕಟ್ಟು ಎರಡು ಮುಳ್ಳುಗಳ ನಡುವೆ ಬರುವಂತೆ ನೋಡಿಕೊಳ್ಳಬೇಕು. ಮುಳ್ಳಿಗೆ ಒತ್ತಿಕೊಂಡಂತೆ ಕಟ್ಟಿದರೆ ತಂತಿಯು ಜಾರಲು ಸ್ಥಳವಿರುವುದಿಲ್ಲ. ತಿರುಚಿದ ತುದಿಗಳು ದಾರಿಯ ಕಡೆಗೂ ದನಗಳು ಓಡಾಡುವ ಕಡೆಗೂ ಚಾಚಿಕೊಂಡಿರಬಾರದು. ಹಸುವಿನ ಕೆಚ್ಚಲನ್ನು ಸೀಳುವುದಕ್ಕೆ ಅಷ್ಟು ತುದಿಯೇ ಸಾಕು.

ಕೊನೆಗಂಬಕ್ಕೆ ಬಿಗಿಯುವುದು

ಕೊನೆಗಂಬದ ಒಂದೊಂದು ತೂತಿಗೂ ಕಣ್ಣುಳ್ಳ ಉದ್ದವಾದ ಬೋಲ್ಟನ್ನು ಕೂಡಿಸಿ, ಅದರ ಕಣ್ಣಿಗೆ ತಂತಿಯನ್ನು ಕಟ್ಟುವುದು ಉತ್ತಮವಾದ ಕ್ರಮ. ಮೊದಲು ಕಟ್ಟುವಾಗ ತಿರುಪನ್ನು ಬೋಲ್ಟಿನ ತುದಿಯಲ್ಲಿಯೇ ನಿಲ್ಲಿಸಬೇಕು. ಮುಂದೆ ತಂತಿಯು ಸಡಿಲವಾದಂತೆ ತಿರುಪನ್ನು ತಿರುಗಿಸಿದರೆ ಬೋಲ್ಟು ಹಿಂದಕ್ಕೆ ಬಂದು ಸಾಲೆಲ್ಲವೂ ಬಿಗಿಯಾಗುವುದು. ಬೋಲ್ಟಿಲ್ಲದಿದ್ದರೆ ತಂತಿಯನ್ನು ಕಂಬಕ್ಕೆ ಒಂದು ಸುತ್ತು ಪೂರ್ತಿಯಾಗಿ ಹಾಕಿ, ತುದಿಯನ್ನು ಹಿಂದಕ್ಕೆ ತಂದು, ಬಿಗಿದ ತಂತಿಯ ಮೇಲೆಯೇ ಒತ್ತೊತ್ತಾಗಿ ಆರು ಸುತ್ತು ಸುತ್ತಬೇಕು. ಆಂಗಲ್ ಕಂಬವಾದರೆ ತಂತಿಯು ತಗಲುವ ಅಂಚುಗಳನ್ನು ಮೊದಲೇ ಅರದಿಂದ ದುಂಡಗೆ ಮಾಡಿರಬೇಕು.

ಕಾಂಕ್ರೀಟು ಗಟ್ಟಿಯಾಗುವ ಮೊದಲು ತಂತಿಯನ್ನು ಎಳೆಯಬಾರದು. ಒಂದು ವಾರವಾದರೂ ನೀರುಣಿಸಿ ಬಿಡತಕ್ಕದ್ದು. ಎಳೆಯುವುದಕ್ಕೆ ಕೈಯಿಂದ ನಡೆಸುವ ಬಿಗಿಯಂತ್ರವನ್ನು ಉಪಯೋಗಿಸಬೇಕು. ಎತ್ತುಗಳಿಂದಾಗಲಿ ಟ್ರ್ಯಾಕ್ಟರಿನಿಂದಾಗಲಿ ಎಳೆಯಿಸಿದರೆ ಎಷ್ಟು ಬಿಗಿಯಾಯಿತೆಂಬುದು ತಿಳಿಯುವುದಿಲ್ಲ. ತಂತಿಯು ಹರಿದರೆ ಹಾವಿನಂತೆ ಸುರುಳಿಸುತ್ತಿ ಹಿಂದಕ್ಕೆ ಹಾರಿ ಬರುವುದು. ಮುಖಕ್ಕೆ ಬಡಿದರೆ ಕಣ್ಣು ಹೋಗುವುದು. ಎಳೆಯುವವರು ತಂತಿಯ ಸಾಲಿನಲ್ಲಿ ನಿಲ್ಲದೆ ಕಂಬದ ಮರೆಯಲ್ಲಿ ನಿಂತು, ಕೈಗಳಿಗೆ ದಪ್ಪ ಚರ್ಮದ ಚೀಲಗಳನ್ನು ತೊಟ್ಟುಕೊಂಡಿರಬೇಕು. ಮುಳ್ಳು ಗೀರಿದ ಗಾಯವನ್ನು ತೊಳೆದು, ಧನುರ್ವಾತಕ್ಕೆ ಪ್ರತಿಬಂಧಕವಾದ ಚುಚ್ಚುಮದ್ದಿನ ವಿಷಯದಲ್ಲಿ ವೈದ್ಯರನ್ನು ಕೇಳಬೇಕು.

ತಂತಿಯನ್ನು ಬಿಗಿಯಲು ಬೆಳಗಿನ ತಂಪು ಹೊತ್ತು ಮೇಲು. ಉಕ್ಕಿನ ತಂತಿಯು ಶಾಖಕ್ಕೆ ಹಿಗ್ಗಿ ಚಳಿಗೆ ಕುಗ್ಗುವುದು. ಚಳಿಗಾಲದ ನಸುಕಿಗೂ ಬೇಸಗೆಯ ನಡುಹಗಲಿಗೂ ತಂತಿಯ ಶಾಖದಲ್ಲಿ ೪೦ ಡಿಗ್ರಿಗಳ ವ್ಯತ್ಯಾಸವಿದ್ದರೆ, ೩೦೦ ಅಡಿಯ ತಂತಿಯ ಉದ್ದದಲ್ಲಿ ಸುಮಾರು ಒಂದೂಮುಕ್ಕಾಲು ಅಂಗುಲ ವ್ಯತ್ಯಾಸವಾಗುವುದು. ಸುಡುಬಿಸಿಲಿನಲ್ಲಿ ಹಿಗ್ಗಿದ ತಂತಿಯನ್ನು ಪೂರ್ತಿಯಾಗಿ ಬಿಗಿದರೆ, ಚಳಿಗಾಲದಲ್ಲಿ ಅದು ಕುಗ್ಗಿ ಕೊನೆಗಂಬಗಳನ್ನು ಒಳಕ್ಕೆ ಬಾಗಿಸುವುದು. ಬಿಗಿಯು ಸಾಕಾಯಿತೆಂಬುದಕ್ಕೆ ಗುರುತೇನೆಂದರೆ, ಅಂಕಣದ ನಡುವೆ ಮುಳ್ಳಿಲ್ಲದ ಜಾಗವನ್ನು ಕೈಯಿಂದ ಒತ್ತಿದಾಗ ತಂತಿಯು ಒಂದೆರಡು ಅಂಗುಲ ಬಾಗಿ, ಬಿಟ್ಟೊಡನೆ ಮೊದಲಿನ ನೆಲೆಗೆ ಮರಳಬೇಕು.

ಸಾಲಿನ ಎರಡು ಕೊನೆಗಳನ್ನೂ ಬಿಗಿದ ಮೇಲೆಯೇ ಆ ಸಾಲಿನ ನಡುಗಂಬಗಳ ಕಟ್ಟುಗಳನ್ನು ಹಾಕತಕ್ಕದ್ದು. ನೆಲದಿಂದ ೮, ೧೮, ೩೦, ೪೩ ಮತ್ತು ೫೬ ಅಂಗುಲಗಳ ಎತ್ತರದಲ್ಲಿ ಐದು ಸಾಲುಗಳನ್ನಿಟ್ಟರೆ ಸಾಮಾನ್ಯವಾಗಿ ಎಲ್ಲಾ ಸಾಕುಪ್ರಾಣಿಗಳಿಗೂ ತಡೆಯಾಗುವುದು. ಕುರಿಮೇಕೆಗಳು ಹೆಚ್ಚಾಗಿರುವ ಗ್ರಾಮಗಳಲ್ಲಿ ಕೆಳಗಡೆ ಇನ್ನೊಂದು ಸಾಲನ್ನು ಸೇರಿಸಿ ಒತ್ತಾಗಿಡಬೇಕು. ತಗ್ಗುಗಳಲ್ಲಿ ಬಿಗಿದ ತಂತಿಯು ಕಂಬವನ್ನು ಮೇಲಕ್ಕೆ ಕೀಳುವುದರಿಂದ ಅಲ್ಲಿಯ ಕಂಬವನ್ನು ಆಳವಾಗಿ ನೆಟ್ಟು ಕಾಂಕ್ರೀಟು ಹಾಕಬೇಕು. ಎರೆಯ ಭೂಮಿಯು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ ಅಲ್ಲಿ ಎಲ್ಲಾ ಕಂಬಗಳೂ ವರ್ಷವರ್ಷವೂ ಅಲುಗುವುವು. ಅಂಥಾ ನೆಲದಲ್ಲಿ ಜಾರುವ ಕಟ್ಟೂ ಬೋಲ್ಟಿನ ಬಿಗಿಯೂ ಇನ್ನಷ್ಟು ಅವಶ್ಯಕ.

ಮಳೆಗಾಲಕ್ಕೆ ಮುಂಚಿನ ಪರೀಕ್ಷೆ

ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲೊಮ್ಮೆ, ಸುಗ್ಗಿಗೆ ಮೊದಲೊಮ್ಮೆ, ಬೇಲಿಯ ಸುತ್ತಲೂ ನಡೆದು ಪ್ರತಿಯೊಂದು ಕಟ್ಟನ್ನೂ ಮುಟ್ಟಿ ನೋಡಬೇಕು. ತುಕ್ಕು ಮೊದಲು ಹಿಡಿಯುವುದು ಕಟ್ಟುತಂತಿಯ ತಿರುಚಿದ ಭಾಗದಲ್ಲಿಯೂ, ಕಂಬವು ನೆಲವನ್ನು ಸೇರುವ ಜಾಗದಲ್ಲಿಯೂ. ಕಂಬದ ಬುಡಕ್ಕೆ ಗೊಬ್ಬರದ ಗುಡ್ಡೆಯನ್ನಾಗಲಿ ರಸಗೊಬ್ಬರದ ಚೀಲಗಳನ್ನಾಗಲಿ ಒರಗಿಸಬಾರದು. ಗಂಜಲವೂ ರಸಗೊಬ್ಬರದ ಉಪ್ಪುಗಳೂ ಲೇಪವನ್ನು ಬೇಗ ತಿನ್ನುವುವು. ಬುಡದ ಕಾಂಕ್ರೀಟನ್ನು ನೆಲದಿಂದ ಎರಡು ಅಂಗುಲ ಎತ್ತರಿಸಿ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಮಾಡಿದರೆ ಕಂಬದ ಆಯುಸ್ಸು ಹೆಚ್ಚುವುದು. ಹತ್ತಿಪ್ಪತ್ತು ಕಟ್ಟುಗಳಿಗೆ ಸಾಲುವಷ್ಟು ತಂತಿಯನ್ನೂ ಒಂದು ಇಕ್ಕಳವನ್ನೂ ತೋಟದ ಮನೆಯಲ್ಲಿ ಸಿದ್ಧವಾಗಿಟ್ಟಿರುವುದು ಲೇಸು. ಒಂದು ಕಟ್ಟು ಹೋದ ದಿನವೇ ಅದನ್ನು ಸರಿಪಡಿಸಿದರೆ ಪಕ್ಕದ ನಾಲ್ಕು ಕಟ್ಟುಗಳು ಉಳಿಯುವುವು.

ವಿದ್ಯುತ್ತಿನ ವಿಷಯದಲ್ಲಿ ಎಚ್ಚರಿಕೆ

ಹಂದಿ ಆನೆಗಳ ಕಾಟವನ್ನು ತಾಳಲಾರದೆ ಕೆಲವರು ಮನೆಯ ಅಥವಾ ಪಂಪುಸೆಟ್ಟಿನ ವಿದ್ಯುತ್ತನ್ನು ನೇರವಾಗಿ ಬೇಲಿಯ ತಂತಿಗೆ ಹರಿಸುವುದುಂಟು. ಇದು ಕೊಲೆಗೆ ಸಮಾನವಾದ ಕೆಲಸ. ಕಬ್ಬಿಣದ ಕಂಬಕ್ಕೆ ಕಟ್ಟಿದ ತಂತಿಗೆ ವಿದ್ಯುತ್ತು ಹರಿದರೆ ಕಂಬವೂ, ಮಳೆಯಲ್ಲಿ ಅದರ ಬುಡದ ನೆಲವೂ ಅಪಾಯಕಾರಿಯಾಗುವುವು. ಇದರಿಂದ ಆನೆಗಳೂ ದಾರಿಹೋಕರೂ ನೀರು ಕಟ್ಟಲು ರಾತ್ರಿಯಲ್ಲಿ ಹೋದ ಮನೆಯವರೇ ಆದವರೂ ಪ್ರಾಣ ಬಿಟ್ಟಿರುವುದುಂಟು. ಹೀಗೆ ವಿದ್ಯುತ್ತನ್ನು ಕದ್ದು ಹರಿಸುವುದು ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯಂತೆಯೂ, ಇದರಿಂದ ರಕ್ಷಿತವಾದ ಕಾಡುಪ್ರಾಣಿಗಳನ್ನು ಕೊಲ್ಲುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆಯೂ ಶಿಕ್ಷಾರ್ಹವಾದ ಅಪರಾಧಗಳು.

ಸೂರ್ಯಶಕ್ತಿಯಿಂದ ನಡೆಯುವ ಬೇಲಿಯಂತ್ರವು ಬೇರೆ. ಅದು ಬಿಟ್ಟು ಬಿಟ್ಟು ಕ್ಷಣಮಾತ್ರದ ಪೆಟ್ಟನ್ನು ಮಾತ್ರ ಕೊಡುವುದು. ಪ್ರಾಣಿಯು ಬೆದರಿ ಹಿಂದಕ್ಕೆ ಸರಿಯುವುದು. ಆದರೆ ಅದಕ್ಕೆ ಮುಳ್ಳುತಂತಿಯನ್ನು ಉಪಯೋಗಿಸಕೂಡದು, ಏಕೆಂದರೆ ಮುಳ್ಳಿಗೆ ಸಿಕ್ಕಿಬಿದ್ದ ಪ್ರಾಣಿಯು ಬಿಡಿಸಿಕೊಳ್ಳಲಾರದೆ ಪೆಟ್ಟಿನ ಮೇಲೆ ಪೆಟ್ಟು ತಿನ್ನುವುದು. ನುಣುಪಾದ ತಂತಿಯನ್ನೇ ಉಪಯೋಗಿಸಿ, ಪ್ರತಿಯೊಂದು ಕಬ್ಬಿಣದ ಕಂಬದಲ್ಲಿಯೂ ವಿದ್ಯುತ್ತು ಹರಿಯದ ಗುಂಡಿಗಳ ಮೂಲಕ ಅದನ್ನು ಹಾಯಿಸಬೇಕು. ಈ ಕರಪತ್ರದಲ್ಲಿ ಹೇಳಿದ ಕಟ್ಟುಗಳಲ್ಲಿ ಯಾವುದೂ ಆ ಬೇಲಿಗೆ ಸಲ್ಲದು. ಒಂದು ಕಂಬಕ್ಕೆ ತಂತಿಯು ನೇರವಾಗಿ ತಗಲಿದರೂ ಶಕ್ತಿಯೆಲ್ಲವೂ ನೆಲಕ್ಕೆ ಇಳಿದುಹೋಗುವುದು.

ಗ್ರಾಮದ ಮುಖಂಡರು ಗಮನಿಸತಕ್ಕ ಅ೦ಶಗಳು

ಎರಡು ಜಮೀನುಗಳ ನಡುವೆ ಬೇಲಿ ಹಾಕುವ ಮೊದಲು ಉಭಯಸ್ಥರ ಎದುರಿನಲ್ಲಿ ಎಲ್ಲೆಯನ್ನು ಗೊತ್ತುಮಾಡಿಸುವುದು ಮುಖಂಡರ ಕರ್ತವ್ಯ. ಸರ್ವೆಯ ಕಲ್ಲನ್ನು ಕೀಳುವುದಾಗಲಿ ಅದನ್ನೇ ಬೇಲಿಯ ಕಂಬವಾಗಿ ಬಳಸುವುದಾಗಲಿ ಕೂಡದು. ಬಂಡಿದಾರಿ, ಕಾಲುದಾರಿ, ದನಗಳು ನೀರಿಗೆ ಹೋಗುವ ದಾರಿಗಳಿಗೆ ತಂತಿಯು ಅಡ್ಡವಾಗಬಾರದು. ತೂತು ಕೊರೆಯುವ ಯಂತ್ರ, ಬಿಗಿಯಂತ್ರ, ಕತ್ತರಿ ಇವು ಒಬ್ಬೊಬ್ಬರಿಗೂ ವರ್ಷದಲ್ಲಿ ಒಂದೆರಡು ದಿನ ಮಾತ್ರ ಬೇಕಾದುವು. ಇವನ್ನು ಸಹಕಾರ ಸಂಘದ ಮೂಲಕ ಗ್ರಾಮಕ್ಕೆಲ್ಲಾ ಒಂದು ಜೊತೆ ಕೊಂಡಿಟ್ಟರೆ ಸಾಕಾಗುವುದು. ನೆರೆಯವರಿಬ್ಬರೂ ಒಂದೇ ಬೇಲಿಯ ವೆಚ್ಚವನ್ನು ಹಂಚಿಕೊಂಡಲ್ಲಿ, ಕಟ್ಟುಗಳನ್ನು ನೋಡಿಕೊಳ್ಳುವ ಹೊಣೆಯು ಎಲ್ಲಿಂದ ಎಲ್ಲಿಯವರೆಗೆ ಯಾರದೆಂಬುದನ್ನು ಮೊದಲೇ ಬರೆದಿಡುವುದು ಒಳ್ಳೆಯದು. ಇಬ್ಬರ ಹೊಣೆಯಲ್ಲಿರುವ ಕಟ್ಟು ಯಾರ ಹೊಣೆಯಲ್ಲಿಯೂ ಇಲ್ಲದ ಕಟ್ಟಾಗುವುದು.

ಸಾರಾಂಶ

೧. ಕೊನೆಗಂಬದಲ್ಲಿ ಬಿಗಿ, ನಡುಗಂಬದಲ್ಲಿ ಹಿಡಿ. ಇದೇ ಮುಖ್ಯವಾದ ನಿಯಮ.

೨. ಕಟ್ಟುವುದಕ್ಕೆ ಸತುವಿನ ಲೇಪವುಳ್ಳ ೧೪ ಅಥವಾ ೧೨ ಗೇಜಿನ ತಂತಿಯನ್ನೇ ಉಪಯೋಗಿಸಬೇಕು. ಕಪ್ಪು ತಂತಿಯೂ ತಾಮ್ರದ ತಂತಿಯೂ ಸಲ್ಲವು.

೩. ದನವು ಒತ್ತುವ ಕಡೆಯಲ್ಲಿ, ಕಂಬದ ಚಪ್ಪಟೆ ಮುಖದ ಮೇಲೆ ತಂತಿಯು ಹಾಯಬೇಕು.

೪. ತೂತು, ಕಚ್ಚು ಅಥವಾ ತುಣುಕಿನಿಂದ ಕಟ್ಟಿಗೆ ನೆಲೆ ಮಾಡಬೇಕು. ಕಟ್ಟು ಎರಡು ಮುಳ್ಳುಗಳ ನಡುವೆ ಬರಬೇಕು.

೫. ತಂಪು ಹೊತ್ತಿನಲ್ಲಿ ಬಿಗಿದು, ಆಮೇಲೆ ಕಟ್ಟಬೇಕು.

೬. ವರ್ಷಕ್ಕೆರಡು ಸಲ ಪ್ರತಿಯೊಂದು ಕಟ್ಟನ್ನೂ ನೋಡಬೇಕು.

೭. ಮುಳ್ಳುತಂತಿಯ ಬೇಲಿಗೆ ವಿದ್ಯುತ್ತನ್ನು ಎಂದಿಗೂ ಹರಿಸಕೂಡದು.

ಈ ನಿಯಮಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣವು ಬೇಕಾಗಿಲ್ಲ. ಒಬ್ಬ ಆಳು ಇಕ್ಕಳವನ್ನು ಹಿಡಿದು ಸ್ವಲ್ಪ ಎಚ್ಚರದಿಂದ ಕೆಲಸಮಾಡಿದರೆ, ಜಮೀನುದಾರನು ಕಂಬಕ್ಕೂ ತಂತಿಗೂ ಸುರಿದ ಹಣವು ಬಹುಕಾಲ ಫಲಕೊಡುವುದು. ಬೆಳೆಯು ಮನೆಗೆ ಬರುವುದು. ನೆರೆಹೊರೆಯವರಲ್ಲಿ ಸೌಹಾರ್ದವೂ ಉಳಿಯುವುದು.